ಕೊಚ್ಚಿಯಲ್ಲಿ ಹಡಗು ನಿಲ್ಲುವ ಒಂದು ಹಗಲು: ನಾವೇ ತಿರುಗಾಡಿ ನೋಡಬಹುದೇ?

ಸಪ್ತಾಪುರದ ಮಾಸ್ತರ, ಧಾರವಾಡ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದ ಒಂದು ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಇತಿಹಾಸ ಕಲಿಸಿ ನಿವೃತ್ತನಾದವನು. ಮುಂದಿನ ತಿಂಗಳು ಮುಂಬೈಯಿಂದ ಹೊರಡುವ ಒಂದು ಕ್ರೂಸ್ ಹಡಗಿನಲ್ಲಿ ನನಗೂ ನನ್ನ ಹೆಂಡತಿಗೂ ಕಾರವಾರದ ನಮ್ಮ ಬೀಗಿತ್ತಿಯವರಿಗೂ ಮಗ ಟಿಕೆಟ್ ಮಾಡಿಸಿದ್ದಾನೆ. ಹಡಗು ಒಂದು ಶನಿವಾರ ಬೆಳಿಗ್ಗೆ 8 ಗಂಟೆಗೆ ಕೊಚ್ಚಿ ತಲುಪಿ, ಅದೇ ದಿನ ಸಂಜೆ 6 ಗಂಟೆಗೆ ಬಂದರು ಬಿಡುತ್ತದೆ. ಹಡಗಿನವರೇ ಏರ್ಪಡಿಸುವ ಬಸ್ ಪ್ರವಾಸವೊಂದು ಇದೆ. ಅದರ ವಿವರ ಓದಿದೆ. ನಾಲ್ಕು ಗಂಟೆಗಳಲ್ಲಿ ಏಳು ಸ್ಥಳಗಳನ್ನು ತೋರಿಸುತ್ತಾರಂತೆ, ಅದರಲ್ಲಿ ಮುಕ್ಕಾಲು ಗಂಟೆ ಒಂದು ಕರಕುಶಲ ಮಳಿಗೆಗೇ ಮೀಸಲು. ಚರ್ಚಿಗೆ ಇಪ್ಪತ್ತು ನಿಮಿಷ ಕೊಟ್ಟಿದ್ದಾರೆ.

ನನ್ನ ಕಷ್ಟ ಇರುವುದು ಆ ಇಪ್ಪತ್ತು ನಿಮಿಷದಲ್ಲಿ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ ಎಂಬ ವಾಕ್ಯವನ್ನು ಪ್ರತಿ ವರ್ಷವೂ ಒಂದು ತಲೆಮಾರಿನ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಆತ ಮೂರನೆಯ ಸಲ ಬಂದಾಗ, 1524ರ ಡಿಸೆಂಬರ್ 24ರಂದು, ಕೊಚ್ಚಿಯಲ್ಲಿ ತೀರಿಕೊಂಡ. ಮೊದಲು ಮಣ್ಣು ಮಾಡಿದ್ದೂ ಅಲ್ಲಿಯ ಈ ಸೇಂಟ್ ಫ್ರಾನ್ಸಿಸ್ ಚರ್ಚಿನಲ್ಲಿಯೇ. ನಾನು ಒಳನಾಡಿನವನು, ಪಾಠದಲ್ಲಿ ಬಂದರು, ನೌಕೆ, ಸಂಬಾರ ವ್ಯಾಪಾರ ಎಂದು ಹೇಳುತ್ತಿದ್ದೆನೇ ಹೊರತು ಅವೆಲ್ಲ ಹೇಗಿದ್ದವೆಂಬುದನ್ನು ಕಣ್ಣಿನಿಂದ ಕಂಡವನಲ್ಲ. ಆದ್ದರಿಂದ ಆ ಊರನ್ನು ನಾವೇ ಸಾವಕಾಶವಾಗಿ ನೋಡಬೇಕೆಂಬ ಆಸೆ.

ಹಡಗು ನಿಲ್ಲುವ ಧಕ್ಕೆಯಿಂದ ಹಳೆಯ ಊರಿಗೆ ಹೋಗಲು ಯಾವ ದಾರಿ ಒಳ್ಳೆಯದು? ಯೆಹೂದ್ಯರ ಪ್ರಾರ್ಥನಾಮಂದಿರವಾದ ಸಿನಗಾಗ್‌ನಿಂದ ಆರಂಭಿಸಿ, ಡಚ್ ಅರಮನೆ, ಚರ್ಚು, ಮೀನು ಹಿಡಿಯುವ ಚೀನೀ ಬಲೆಗಳು ಎಂಬ ಕ್ರಮದಲ್ಲಿ ಯೋಚಿಸಿದ್ದೇನೆ; ಇದು ಸರಿಯೇ? ಹೆಂಡತಿಗೆ ಮೊಣಕಾಲು ನೋವಿರುವುದರಿಂದ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಒಂದೇ ಸಮನೆ ನಡೆಯಲಾರಳು. ಮೂವರೂ ಸಸ್ಯಾಹಾರಿಗಳು. ಹಡಗು ತಪ್ಪಿಹೋದರೆ ಎಂಬ ಹೆದರಿಕೆಯೂ ಮನೆಯಲ್ಲಿ ಇದೆ. ಹೋಗಿಬಂದವರು ದಯವಿಟ್ಟು ತಿಳಿಸಬೇಕು.


ವಿದ್ಯಾನಗರದ ಪ್ರವಾಸಿ, ಹುಬ್ಬಳ್ಳಿ

ಗುರುಗಳೇ, ನಮಸ್ಕಾರ. ನಾನು ಎರಡು ಸಲ ಹಡಗಿನಿಂದ ಇಳಿದು ಕೊಚ್ಚಿ ನೋಡಿದ್ದೇನೆ. ಮೊದಲನೆಯ ಸಲ ತಪ್ಪು ಮಾಡಿದೆ, ಎರಡನೆಯ ಸಲ ಸರಿಯಾಗಿ ನೋಡಿದೆ. ಎರಡನ್ನೂ ಹೇಳುತ್ತೇನೆ.

ಎಲ್ಲಕ್ಕಿಂತ ಮೊದಲು ನಿಮ್ಮ ಕ್ರಮದಲ್ಲಿರುವ ಒಂದು ತೊಡಕನ್ನು ಹೇಳಿಬಿಡಬೇಕು. ನೀವು ಇಳಿಯುವುದು ಶನಿವಾರ. ಅದು ಯೆಹೂದ್ಯರ ವಿಶ್ರಾಂತಿಯ ದಿನವಾದ್ದರಿಂದ ಸಿನಗಾಗ್ ಮುಚ್ಚಿರುತ್ತದೆ. 1568ರ ಆ ಕಟ್ಟಡದ ಒಳಗಿನ ನೀಲಿ ಬಿಳಿ ಚೀನೀ ಹಾಸುಬಿಲ್ಲೆಗಳನ್ನೂ ಗಾಜಿನ ತೂಗುದೀಪಗಳನ್ನೂ ಈ ಸಲ ನೀವು ನೋಡಲಾರಿರಿ. 1760ರಲ್ಲಿ ಕಟ್ಟಿಸಿದ ಗಡಿಯಾರದ ಗೋಪುರವನ್ನು ಹೊರಗಿನಿಂದ ನೋಡಬಹುದು. ಆದರೆ ಡಚ್ ಅರಮನೆಗೆ ರಜೆ ಇರುವುದು ಶುಕ್ರವಾರ, ಹೀಗಾಗಿ ಅದು ನಿಮಗೆ ಸಿಗುತ್ತದೆ. ಇವೆರಡರಲ್ಲಿ ಒಂದೇ ಸಿಗುವುದಾದರೆ ಅರಮನೆಯೇ ಸಿಗಲಿ ಎಂದು ನಾನು ಹೇಳುತ್ತಿದ್ದೆ.

ಇನ್ನು ಸಮಯದ ಲೆಕ್ಕ. ಹಡಗು 8 ಗಂಟೆಗೆ ಕಟ್ಟಿದರೂ ಇಳಿಯಲು ಅನುಮತಿ ಸಿಕ್ಕು, ಸರದಿ ಮುಗಿದು, ಬಂದರಿನ ಗೇಟು ದಾಟುವ ಹೊತ್ತಿಗೆ 9 ಆಗುತ್ತದೆ. 6 ಗಂಟೆಗೆ ಹೊರಡುವ ಹಡಗಿನಲ್ಲಿ ಎಲ್ಲರೂ ಹತ್ತಿರಬೇಕಾದ ಸಮಯ ಸಾಮಾನ್ಯವಾಗಿ ಅದಕ್ಕಿಂತ ಒಂದು ಗಂಟೆ ಮೊದಲೇ ಇರುತ್ತದೆ. ಹಿಂದಿನ ರಾತ್ರಿ ಕೋಣೆಗೆ ಬರುವ ದಿನಚರಿಯ ಹಾಳೆಯಲ್ಲಿ ಅದನ್ನು ನೋಡಿಕೊಳ್ಳಿ. ಹಡಗಿನವರ ಬಸ್ಸು ತಡವಾದರೆ ಹಡಗು ಕಾಯುತ್ತದೆ, ನಾವೇ ಹೋಗಿ ತಡ ಮಾಡಿದರೆ ಕಾಯುವುದಿಲ್ಲ. ಆದ್ದರಿಂದ ನಾನು ಎರಡನೆಯ ಸಲ ದಿನವನ್ನು ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕಿದೆ. 5 ಗಂಟೆಗೆ ಹಡಗಿನೊಳಗೆ, 4 ಗಂಟೆಗೆ ಬಂದರಿನ ಗೇಟಿಗೆ, ಅದಕ್ಕಾಗಿ 3 ಗಂಟೆಗೆ ಚರ್ಚು, ಬಲೆಗಳಿರುವ ಫೋರ್ಟ್ ಕೊಚ್ಚಿಯಿಂದ ಹೊರಡುವುದು. ತೋಪ್ಪುಂಪಡಿಯ ಸೇತುವೆಯ ಹತ್ತಿರ ಸಂಜೆ ವಾಹನಗಳು ಸಿಕ್ಕಿಕೊಂಡರೆ ಅಂಗೈ ಅಗಲ ದಾರಿಗೂ ಅರ್ಧ ಗಂಟೆ ಬೇಕಾಗುತ್ತದೆ. ಹೀಗೆ ನೋಡಿದರೆ ನಿಮ್ಮ ಕೈಯಲ್ಲಿರುವುದು ಹತ್ತು ಗಂಟೆಯಲ್ಲ, ಆರು ಗಂಟೆ. ಆರು ಗಂಟೆಯಲ್ಲಿ ನಾಲ್ಕು ಜಾಗ ಬರೋಬ್ಬರಿ ನೋಡಬಹುದು, ಐದನೆಯದನ್ನು ಸೇರಿಸಿದರೆ ಉಳಿದ ನಾಲ್ಕೂ ಕೆಡುತ್ತವೆ.

ಮೂವರೂ ಹಡಗಿನ ಕಾರ್ಡನ್ನೂ ಆಧಾರ್‌ನ ಮೂಲ ಪ್ರತಿಯನ್ನೂ ಜೊತೆಗೆ ಇಟ್ಟುಕೊಳ್ಳಬೇಕು, ಹಿಂತಿರುಗುವಾಗ ಗೇಟಿನಲ್ಲಿ ಎರಡನ್ನೂ ಕೇಳುತ್ತಾರೆ. ದಿನಚರಿಯ ಹಾಳೆಯಲ್ಲಿರುವ ಬಂದರು ಏಜೆಂಟರ ದೂರವಾಣಿ ಸಂಖ್ಯೆಯನ್ನು ಫೋನಿನಲ್ಲಿ ಮಾತ್ರವಲ್ಲ, ಒಂದು ಚೀಟಿಯಲ್ಲಿಯೂ ಬರೆದು ಇಟ್ಟುಕೊಳ್ಳಿ.

ಮೊದಲನೆಯ ಸಲದ ತಪ್ಪು ಇದು. ಗೇಟಿನ ಹೊರಗೆ ಒಬ್ಬ ಆಟೋದವನು ದಿನವಿಡೀ ತಿರುಗಿಸಲು ತೀರ ಕಡಿಮೆ ಬಾಡಿಗೆ ಹೇಳಿದ. ನಾವು ಸಂತೋಷದಿಂದ ಹತ್ತಿದೆವು. ಆತ ನೇರವಾಗಿ ಒಂದು ದೊಡ್ಡ ಮಳಿಗೆಗೆ, ಅಲ್ಲಿಂದ ಇನ್ನೊಂದಕ್ಕೆ ಕರೆದೊಯ್ದ. ಗಿರಾಕಿಯನ್ನು ಕರೆತಂದವರಿಗೆ ಮಳಿಗೆಯವರು ಕೊಡುವ ಕಮಿಷನ್ನಿನಿಂದ ಆತನ ಬಾಡಿಗೆ ತುಂಬಿಕೊಳ್ಳುತ್ತದೆ ಎಂದು ತಿಳಿಯುವಷ್ಟರಲ್ಲಿ ಒಂದೂಕಾಲು ಗಂಟೆ ಹೋಗಿತ್ತು. ಚರ್ಚನ್ನು ಓಡುತ್ತ ನೋಡಿ ಬಂದೆವು. ಇಡೀ ದಿನಕ್ಕೆ ಆಟೋ ಗೊತ್ತು ಮಾಡಬೇಡಿ. ಒಂದು ಜಾಗದಿಂದ ಇನ್ನೊಂದಕ್ಕೆ ಮಾತ್ರ, ಜಾಗದ ಹೆಸರು ಹೇಳಿ, ಬಾಡಿಗೆ ಮಾತಾಡಿ, ಯಾವ ಅಂಗಡಿಗೂ ನಿಲ್ಲಿಸಬಾರದೆಂದು ಹೇಳಿ ಹತ್ತಿ. ಅರಮನೆಯಿಂದ ಚರ್ಚಿಗೆ ಎರಡೂವರೆ ಮೂರು ಕಿಲೊಮೀಟರ್ ಇರುವುದರಿಂದ ಅಮ್ಮನವರನ್ನು ನಡೆಸಬೇಡಿ, ಅಲ್ಲಿ ಆಟೋ ಬೇಕೇ ಬೇಕು.

ಇನ್ನೊಂದು ಮಾತು. ಫೋರ್ಟ್ ಕೊಚ್ಚಿ ಎಂಬ ಹೆಸರು ಕೇಳಿ ನಾನು ಕೋಟೆ ಹುಡುಕಿದೆ. ಪೋರ್ಚುಗೀಸರು 1503ರಲ್ಲಿ ಕಟ್ಟಲು ಆರಂಭಿಸಿದ ಆ ಕೋಟೆಯನ್ನು ಡಚ್ಚರು ಕಿರಿದುಗೊಳಿಸಿದರು, 1806ರ ಸುಮಾರಿಗೆ ಇಂಗ್ಲಿಷರು ಕೆಡವಿದರು. ಕಡಲ ದಂಡೆಯಲ್ಲಿ ಕೆಲವು ಕಲ್ಲುಗಳು ಬಿಟ್ಟರೆ ಈಗ ಏನೂ ಉಳಿದಿಲ್ಲ.


ಬೆಟಗೇರಿಯ ಗೃಹಿಣಿ, ಗದಗ

ಮಾಸ್ತರರೇ, ನಾನು ಮೊಣಕಾಲಿನ ವಿಷಯ ಮಾತ್ರ ಬರೆಯುತ್ತೇನೆ, ಏಕೆಂದರೆ ನನ್ನ ಅತ್ತೆಯವರನ್ನು ಕರೆದುಕೊಂಡು ಹೋಗಿದ್ದೆ. ಅರಮನೆಯ ನೋಡತಕ್ಕ ಭಾಗ ಮೇಲಂತಸ್ತಿನಲ್ಲಿದೆ, ಮೆಟ್ಟಿಲು ಹತ್ತಲೇಬೇಕು. ಬೆಳಿಗ್ಗೆ ಕಾಲು ತಾಜಾ ಇರುವಾಗಲೇ ಅದನ್ನು ಮುಗಿಸುವುದು ಒಳ್ಳೆಯದು. ಫೋರ್ಟ್ ಕೊಚ್ಚಿಯ ಕಡೆ ನೆಲ ಸಮತಟ್ಟಾಗಿದೆ. ಪರೇಡ್ ಮೈದಾನದ ಸುತ್ತಲೂ ದೊಡ್ಡ ಮಳೆ ಮರಗಳಿವೆ, ಅವುಗಳ ನೆರಳು ಇಡೀ ರಸ್ತೆಯನ್ನು ಮುಚ್ಚುತ್ತದೆ. ನಮ್ಮ ಕಡೆಯ ಬಿಸಿಲು ಸುಡುತ್ತದೆಯಾದರೂ ಬೆವರು ಆರುತ್ತದೆ. ಅಲ್ಲಿ ಆರುವುದಿಲ್ಲ, ಮಧ್ಯಾಹ್ನದ ಹೊತ್ತಿಗೆ ಸುಮ್ಮನೆ ಕುಳಿತವರಿಗೂ ದಣಿವಾಗುತ್ತದೆ. ನೀರಿನ ಬಾಟಲಿ, ಚಿಟಿಕೆ ಉಪ್ಪು ಸಕ್ಕರೆ, ಹತ್ತಿಯ ಬಟ್ಟೆ, ಕೊಡೆ ಇರಲಿ. ಶೌಚಾಲಯವನ್ನು ಅರಮನೆ ಬಿಡುವ ಮೊದಲೇ ವಿಚಾರಿಸಿಕೊಳ್ಳಿ. ಹೆಣ್ಣುಮಕ್ಕಳು ಸಂಕೋಚದಿಂದ ನೀರು ಕುಡಿಯದೆ ತಿರುಗಾಡಿ ತಲೆಸುತ್ತು ತಂದುಕೊಳ್ಳುತ್ತಾರೆ; ಅತ್ತೆಯವರಿಗೆ ಆದದ್ದೇ ಅದು.


ಮೆಣಸಿನಕಾಯಿ ವಖಾರಿ, ಬ್ಯಾಡಗಿ

ಮಾಸ್ತರರಿಗೆ ನಮಸ್ಕಾರಗಳು. ನಾನು ಹಡಗಿನಲ್ಲಿ ಹೋದವನಲ್ಲ, ವ್ಯಾಪಾರಕ್ಕಾಗಿ ವರ್ಷಕ್ಕೆ ಎರಡು ಮೂರು ಸಲ ಕೊಚ್ಚಿಗೆ ಹೋಗುವವನು. ನಮ್ಮ ಬ್ಯಾಡಗಿಯ ಡಬ್ಬಿ ಮತ್ತು ಕಡ್ಡಿ ಮೆಣಸಿನಕಾಯಿಗಳಿಂದ ಬಣ್ಣವನ್ನೂ ಸತ್ವವನ್ನೂ ಹಿಂಡಿ ತೆಗೆಯುವ ಓಲಿಯೋರೆಸಿನ್ ಕಾರ್ಖಾನೆಗಳು ಕೊಚ್ಚಿಯ ಸುತ್ತಮುತ್ತ ಇವೆ. ಸಂಬಾರ ಮಂಡಳಿಯ ಕೇಂದ್ರ ಕಚೇರಿಯೂ ಕೊಚ್ಚಿಯಲ್ಲಿಯೇ ಇದೆ. ಹೀಗಾಗಿ ನಮಗೆ ಅದು ದೂರದ ಊರಲ್ಲ.

ಬಂದರು, ಸಂಬಾರ ವ್ಯಾಪಾರ ಹೇಗಿತ್ತೆಂದು ಕಣ್ಣಿನಿಂದ ನೋಡಬೇಕೆಂದು ಬರೆದಿದ್ದೀರಿ. ಅದಕ್ಕೆ ಚರ್ಚಿಗಿಂತಲೂ ಅರಮನೆಯಿರುವ ಮಟ್ಟಂಚೇರಿಯ ಬಜಾರ್ ರಸ್ತೆ ಮುಖ್ಯ ಎಂಬುದು ನನ್ನ ಅಭಿಪ್ರಾಯ. ಅರಮನೆಯಿಂದ ಹೊರಬಂದು ಆ ರಸ್ತೆಯಲ್ಲಿ ಒಂದು ಫರ್ಲಾಂಗು ನಡೆದರೂ ಸಾಕು. ಎರಡೂ ಕಡೆ ಹಳೆಯ ವಖಾರಿಗಳು. ಅಲ್ಲಿಯವರು ಅವನ್ನು ಪಾಂಡಿಕಶಾಲೆ ಎನ್ನುತ್ತಾರೆ. ರಸ್ತೆಯ ಕಡೆಗೆ ಒಂದು ಬಾಗಿಲು, ಹಿಂದೆ ಹಿನ್ನೀರಿನ ಕಡೆಗೆ ಇನ್ನೊಂದು ಬಾಗಿಲು. ದೋಣಿಯಿಂದ ಇಳಿದ ಚೀಲ ಹಿಂದಿನಿಂದ ಒಳಗೆ ಬಂದು, ತೂಕವಾಗಿ, ಮುಂದಿನಿಂದ ಗಾಡಿ ಹತ್ತುತ್ತಿತ್ತು. ಈಗ ಎಷ್ಟೋ ವಖಾರಿಗಳು ಹಳೆಯ ಸಾಮಾನುಗಳ ಅಂಗಡಿಗಳಾಗಿವೆ. ಆದರೂ ಕೆಲವು ಇನ್ನೂ ನಡೆಯುತ್ತಿವೆ. ಒಣ ಶುಂಠಿ ಹರವಿದ ಒಂದು ಅಂಗಳದಲ್ಲಿ ನಾನು ಕುಳಿತಿದ್ದೇನೆ. ಹೆಂಗಸರು ಜರಡಿಯಲ್ಲಿ ಶುಂಠಿಯನ್ನು ಹಾಕಿ ಅಲ್ಲಾಡಿಸುತ್ತ, ತುಂಡಾದದ್ದನ್ನು ಒಂದು ಕಡೆ, ಇಡಿಯಾದದ್ದನ್ನು ಇನ್ನೊಂದು ಕಡೆ ಸರಿಸುತ್ತಿದ್ದರು. ಬಿಳಿ ಧೂಳು ಅವರ ಹುಬ್ಬಿನ ಮೇಲೆ ಕುಳಿತಿತ್ತು. ನಮ್ಮ ಅಂಗಳದಲ್ಲಿ ತೊಟ್ಟು ಬಿಡಿಸುವ ಹೆಂಗಸರಿಗೆ ಕೆಮ್ಮು ಬರುತ್ತದೆ, ಅಲ್ಲಿಯವರಿಗೆ ಸೀನು. ಕೈಯ ಓಟ ಮಾತ್ರ ಒಂದೇ.

ನೀವು ಇತಿಹಾಸ ಕಲಿಸಿದವರು, ನಾನು ಹೇಳುವುದರಲ್ಲಿ ತಪ್ಪಿದ್ದರೆ ತಿದ್ದಬೇಕು. ಪೋರ್ಚುಗೀಸರು ಇಲ್ಲಿಂದ ಒಯ್ಯಲು ಬಂದದ್ದು ಕರಿಮೆಣಸನ್ನು. ಆದರೆ ಅಮೆರಿಕ ಖಂಡದ ಮೆಣಸಿನಕಾಯಿಯನ್ನು ಈ ಪಶ್ಚಿಮ ಕರಾವಳಿಗೆ ತಂದುಕೊಟ್ಟವರೂ ಅವರೇ. ಅದಕ್ಕಿಂತ ಮೊದಲು ನಮ್ಮ ಅಡುಗೆಗೆ ಖಾರ ಕೊಡುತ್ತಿದ್ದುದು ಮೆಣಸಿನ ಕಾಳು. ಹೊಸದಾಗಿ ಬಂದ ಕಾಯಿಗೆ ನಮ್ಮವರು ಹೊಸ ಹೆಸರು ಹುಡುಕಲಿಲ್ಲ, ಮೆಣಸಿನ ಹಾಗೆ ಖಾರವಿರುವ ಕಾಯಿ ಎಂದು ಮೆಣಸಿನಕಾಯಿ ಎಂದರು. ನಾನು ದಿನಕ್ಕೆ ನೂರು ಸಲ ಆಡುವ ಶಬ್ದದಲ್ಲಿ ಆ ಹಡಗುಗಳ ನೆನಪು ಇದೆ ಎಂದು ತಿಳಿದದ್ದು ಮಟ್ಟಂಚೇರಿಯಲ್ಲಿ, ಒಬ್ಬ ಹಿರಿಯ ವ್ಯಾಪಾರಿ ಎರಡು ಬಟ್ಟಲುಗಳನ್ನು ಎದುರಿಗೆ ಇಟ್ಟು, ಒಂದರಲ್ಲಿ ಕಾಳು, ಇನ್ನೊಂದರಲ್ಲಿ ನಮ್ಮ ಊರಿನದೇ ಡಬ್ಬಿ ಕಾಯಿ ತೋರಿಸಿ ಹೇಳಿದಾಗ. 2011ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ಕಾಯಿಯ ಮೂಲ ಅಷ್ಟು ದೂರದ್ದು. ನಿಮ್ಮ ಧಾರವಾಡದ ಪೇರಲವೂ ಅಮೆರಿಕದಿಂದಲೇ ಬಂದದ್ದು.

ಊಟದ ಚಿಂತೆ ಬೇಡ. ಮಟ್ಟಂಚೇರಿಯಲ್ಲಿ ವ್ಯಾಪಾರಕ್ಕೆಂದು ಬಂದು ತಲೆಮಾರುಗಳಿಂದ ನೆಲೆಸಿದ ಗುಜರಾತಿಗಳಿದ್ದಾರೆ. ಅವರ ಹೆಸರಿನದೇ ರಸ್ತೆಯಿದೆ, ಜೈನ ಬಸದಿಯಿದೆ. ಆ ಓಣಿಗಳಲ್ಲಿ ಶುದ್ಧ ಸಸ್ಯಾಹಾರದ ಊಟ ಸಿಗುತ್ತದೆ. 12 ಗಂಟೆಗೇ ಊಟ ಮಾಡಿ ಫೋರ್ಟ್ ಕೊಚ್ಚಿಯ ಕಡೆ ಹೊರಡಿ. ಅಲ್ಲಿ ಹೋದಮೇಲೆ ಮೀನಿನ ವಾಸನೆಯಿಲ್ಲದ ಊಟದ ಮನೆ ಹುಡುಕುವುದು ಹೊಸಬರಿಗೆ ಕಷ್ಟ.


ಸಪ್ತಾಪುರದ ಮಾಸ್ತರ, ಧಾರವಾಡ

ಎಲ್ಲರಿಗೂ ಕೃತಜ್ಞತೆಗಳು. ಬ್ಯಾಡಗಿಯ ಸಾಹುಕಾರರು ಹೇಳಿದ್ದರಲ್ಲಿ ತಿದ್ದುವಂಥದ್ದು ಏನೂ ಇಲ್ಲ. ಈ ಉದಾಹರಣೆ ನನಗೆ ಮೊದಲೇ ಹೊಳೆದಿದ್ದರೆ ಪಾಠ ಹೆಚ್ಚು ಮನದಟ್ಟಾಗುತ್ತಿತ್ತು. ಶನಿವಾರದ ವಿಷಯ ತಿಳಿಸಿದ್ದಕ್ಕೆ ಹುಬ್ಬಳ್ಳಿಯವರಿಗೆ ವಿಶೇಷವಾಗಿ ಋಣಿ. ಮುಚ್ಚಿದ ಬಾಗಿಲಿನ ಮುಂದೆ ಇಬ್ಬರು ಹಿರಿಯ ಹೆಣ್ಣುಮಕ್ಕಳನ್ನು ನಿಲ್ಲಿಸುತ್ತಿದ್ದೆ.

ಎರಡು ಸಂದೇಹಗಳು ಉಳಿದಿವೆ. ರಸ್ತೆಯನ್ನು ಬಿಟ್ಟು ನೀರಿನ ಮೇಲೆ ಹೋಗುವ ದಾರಿ ಇದೆಯೇ? ಬೀಗಿತ್ತಿಯವರು ಕಾರವಾರದಲ್ಲಿ ಬೆಳೆದವರು, ಮನೆಮಾತು ಕೊಂಕಣಿ. ಕೊಚ್ಚಿಯಲ್ಲಿ ಕೊಂಕಣಿ ಜನರ ದೊಡ್ಡ ದೇವಾಲಯವಿದೆಯೆಂದು ಅವರು ಚಿಕ್ಕಂದಿನಿಂದ ಕೇಳಿದ್ದಾರಂತೆ. ಅದು ಈ ದಾರಿಯಲ್ಲಿಯೇ ಬರುತ್ತದೆಯೇ?


ಹಾನಗಲ್ಲಿನವನು, ಈಗ ಎರ್ನಾಕುಳಂ

ನಾನು ಹಾವೇರಿ ಜಿಲ್ಲೆಯವನು, ಉದ್ಯೋಗಕ್ಕಾಗಿ ಆರು ವರ್ಷಗಳಿಂದ ಇಲ್ಲಿದ್ದೇನೆ. ನಿಮ್ಮ ಎರಡೂ ಪ್ರಶ್ನೆಗಳಿಗೆ ಉತ್ತರ ಹೌದು.

ನಿಮ್ಮ ಹಡಗು ಕಟ್ಟುವುದು ವಿಲ್ಲಿಂಗ್ಡನ್ ದ್ವೀಪದಲ್ಲಿ. ಅದು ಹುಟ್ಟಿನಿಂದ ಬಂದ ದ್ವೀಪವಲ್ಲ. ರಾಬರ್ಟ್ ಬ್ರಿಸ್ಟೋ ಎಂಬ ಇಂಜಿನಿಯರು 1920ರಲ್ಲಿ ಇಲ್ಲಿಗೆ ಬಂದು, ದೊಡ್ಡ ಹಡಗುಗಳನ್ನು ತಡೆಯುತ್ತಿದ್ದ ಅಳಿವೆಬಾಯಿಯ ಮರಳ ದಿಬ್ಬವನ್ನು ಕಡಿಸಿ, ಹೂಳೆತ್ತಿದ ಮಣ್ಣಿನಿಂದಲೇ ಈ ನೆಲವನ್ನು ಕಟ್ಟಿಸಿದರು. 1928ರಲ್ಲಿ ಮೊದಲ ಉಗಿಹಡಗು ಒಳಬಂದರಿಗೆ ಬಂತು. ಬಂದರಿನ ಹುಟ್ಟು ಇನ್ನೂ ಹಳೆಯದು: 1341ರ ಪೆರಿಯಾರ್ ಪ್ರವಾಹದಲ್ಲಿ ಕೊಡುಂಗಲ್ಲೂರಿನ ಕಡೆಯ ಬಂದರು ಹೂಳು ತುಂಬಿ, ಇಲ್ಲಿ ನೀರಿಗೆ ಹೊಸ ಬಾಯಿ ತೆರೆಯಿತು ಎನ್ನುತ್ತಾರೆ. ಒಂದು ಸಲ ನದಿ ತೆರೆದ ಬಾಯಿಯನ್ನು ಇನ್ನೊಂದು ಸಲ ಮನುಷ್ಯರು ಆಳ ಮಾಡಿದರು. ನೀವು ಕಾಲಿಡುವ ಮೊದಲ ನೆಲವೇ ಒಂದು ಪಾಠವಾದ್ದರಿಂದ ಇಷ್ಟು ಬರೆದೆ.

ಅಲ್ಲಿಂದ ವಾಟರ್ ಮೆಟ್ರೊ ಇದೆ. 2023ರಲ್ಲಿ ಆರಂಭವಾದ ಈ ಬ್ಯಾಟರಿ ದೋಣಿಗಳು 2025ರ ಅಕ್ಟೋಬರಿನಿಂದ ವಿಲ್ಲಿಂಗ್ಡನ್ ದ್ವೀಪಕ್ಕೂ ಮಟ್ಟಂಚೇರಿಗೂ ಬರುತ್ತಿವೆ. ಮಟ್ಟಂಚೇರಿಯ ನಿಲ್ದಾಣ ಅರಮನೆಗೆ ಹತ್ತಿರ. ಒಳಗೆ ಹವಾನಿಯಂತ್ರಣವಿದೆ, ಹತ್ತಿ ಇಳಿಯುವಾಗ ದೋಣಿಯ ನೆಲವೂ ಕಟ್ಟೆಯೂ ಒಂದೇ ಮಟ್ಟದಲ್ಲಿರುವುದರಿಂದ ಅಮ್ಮನವರಿಗೆ ಕಾಲೆತ್ತಿ ಹಾರುವ ಕಷ್ಟವಿಲ್ಲ. ದೋಣಿಯ ವೇಳೆಯನ್ನು ಹಿಂದಿನ ದಿನ ನೋಡಿಕೊಳ್ಳಿ. ಬೆಳಿಗ್ಗೆ ದೋಣಿಯಲ್ಲಿ ಹೋಗಿ, ಮಧ್ಯಾಹ್ನ ಆಟೋದಲ್ಲಿ ಮರಳುವುದು ನನ್ನ ಸಲಹೆ. ಮರಳುವಾಗ ಸರದಿ ದೊಡ್ಡದಿದ್ದರೆ ದೋಣಿಯನ್ನು ನಂಬಿ ನಿಲ್ಲಲಾಗುವುದಿಲ್ಲ.

ಬೀಗಿತ್ತಿಯವರು ಕೇಳಿದ್ದು ಚೇರ್ಲಾಯಿಯ ತಿರುಮಲ ದೇವಸ್ವಂ ದೇವಾಲಯ. ಗೋವೆಯಲ್ಲಿ ಪೋರ್ಚುಗೀಸರ ಕಾಟ ತಾಳಲಾರದೆ ಹದಿನಾರನೆಯ ಶತಮಾನದಲ್ಲಿ ದಕ್ಷಿಣಕ್ಕೆ ಬಂದ ಗೌಡ ಸಾರಸ್ವತರಿಗೆ ಕೊಚ್ಚಿಯ ಅರಸರು ಆಶ್ರಯ ಕೊಟ್ಟರು. ಅರಮನೆಯಿಂದ ಆ ದೇವಾಲಯ ಸಮೀಪ. ಮಧ್ಯಾಹ್ನ ಬಾಗಿಲು ಹಾಕುವ ಮೊದಲು ಹೋಗಬೇಕು, ಗಂಡಸರು ಅಂಗಿ ತೆಗೆದು ಒಳಗೆ ಹೋಗುವುದು ಈ ಕಡೆಯ ರೂಢಿ. ಸುತ್ತಲಿನ ಓಣಿಗಳಲ್ಲಿ ಕೊಂಕಣಿಯಲ್ಲಿ ದಾರಿ ಕೇಳಿದರೆ ಕೊಂಕಣಿಯಲ್ಲಿ ಉತ್ತರ ಬರುತ್ತದೆ. ಮಾಸ್ತರರಿಗೆ ಇನ್ನೊಂದು ಸಂಗತಿ: ಡಚ್ ಗವರ್ನರ್ ವಾನ್ ರೀಡ್ ಮಲಬಾರಿನ ಗಿಡಮೂಲಿಕೆಗಳ ಬಗ್ಗೆ ಮಾಡಿಸಿದ, 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಅಚ್ಚಾದ ‘ಹೋರ್ಟಸ್ ಮಲಬಾರಿಕಸ್’ ಗ್ರಂಥಕ್ಕೆ ನೆರವಾದವರಲ್ಲಿ ಇಟ್ಟಿ ಅಚ್ಯುತನ್ ಎಂಬ ವೈದ್ಯರ ಜೊತೆಗೆ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ಪಂಡಿತರಿದ್ದರು. ಅವರ ಪ್ರಮಾಣಪತ್ರ ನಾಗರಿ ಲಿಪಿಯಲ್ಲಿ ಆ ಗ್ರಂಥದಲ್ಲಿಯೇ ಅಚ್ಚಾಗಿದೆ.

ಚೀನೀ ಬಲೆಗಳ ಹತ್ತಿರ ಬಲೆಗಾರರು ಹಗ್ಗ ಎಳೆಯಲು ಕರೆಯುತ್ತಾರೆ. ಎಳೆದಮೇಲೆ ಹಣ ನಿರೀಕ್ಷಿಸುತ್ತಾರೆ. ಕೊಡುವ ಮನಸ್ಸಿದ್ದರೆ ಕೈ ಹಾಕಿ, ಅವರ ಮೀನಿನ ಗಳಿಕೆ ಈಗ ತೀರ ಕಡಿಮೆ. ಕೊನೆಯದಾಗಿ, ಹಡಗು ಬಂದರು ಬಿಡುವಾಗ ಕೋಣೆಯಲ್ಲಿ ಕೂರಬೇಡಿ. ಅದು ಫೋರ್ಟ್ ಕೊಚ್ಚಿಗೂ ಎದುರಿನ ದ್ವೀಪವಾದ ವೈಪಿನ್‌ಗೂ ನಡುವಿನ ಅಳಿವೆಯಿಂದ ಹೊರಹೋಗುತ್ತದೆ. ಮುಂದಕ್ಕೆ ಮುಖ ಮಾಡಿ ನಿಂತರೆ ಎಡಗಡೆ ಫೋರ್ಟ್ ಕೊಚ್ಚಿ.


ಸಪ್ತಾಪುರದ ಮಾಸ್ತರ, ಧಾರವಾಡ

ಹೋಗಿಬಂದೆವು. ಉತ್ತರ ಕೊಟ್ಟವರಿಗೆ ವರದಿ ಒಪ್ಪಿಸುವುದು ನನ್ನ ಕರ್ತವ್ಯವೆಂದು ಬರೆಯುತ್ತಿದ್ದೇನೆ.

ಗೇಟು ದಾಟಿದಾಗ 9.20. ದೋಣಿಯಲ್ಲಿ ಮಟ್ಟಂಚೇರಿಗೆ ಹೋದೆವು. ಅರಮನೆಯ ಮೆಟ್ಟಿಲನ್ನು ಹೆಂಡತಿ ಎರಡು ಕಡೆ ನಿಂತು ಹತ್ತಿದಳು. ಹೆಸರು ಡಚ್ ಅರಮನೆಯಾದರೂ ಹದಿನಾರನೆಯ ಶತಮಾನದಲ್ಲಿ ಅದನ್ನು ಕಟ್ಟಿಸಿ ಕೊಚ್ಚಿಯ ಅರಸರಿಗೆ ಕೊಟ್ಟವರು ಪೋರ್ಚುಗೀಸರು; ಡಚ್ಚರು ರಿಪೇರಿ ಮಾಡಿಸಿದರು. ಅರಸರ ಮಲಗುವ ಕೋಣೆಯ ಗೋಡೆಗಳ ಮೇಲೆ ದಶರಥನ ಪುತ್ರಕಾಮೇಷ್ಟಿಯಿಂದ ಹಿಡಿದು ರಾಮಾಯಣ ಇದೆ. ಕಾವಿ ಕೆಂಪು, ಹಳದಿ, ಹಸಿರು ಬಣ್ಣಗಳಲ್ಲಿ ಒಬ್ಬರ ಮೈಗೆ ಒಬ್ಬರು ತಾಗುವಷ್ಟು ಒತ್ತೊತ್ತಾಗಿ ಚಿತ್ರಿಸಿದ್ದಾರೆ, ಬರಿಯ ಗೋಡೆ ಎಂಬುದೇ ಕಾಣುವುದಿಲ್ಲ. ಮೊದಲು ಕಣ್ಣಿಗೆ ಬಣ್ಣದ ಗುಂಪು ಮಾತ್ರ ಕಂಡಿತು. ಹೆಂಡತಿ ಒಂದು ಮೂಲೆಯಿಂದ ಕಥೆ ಹಿಡಿದು, ಇವರು ಇಂಥವರು, ಇದು ಇಂಥ ಸಂದರ್ಭ ಎಂದು ಬೆರಳು ಮುಟ್ಟಿಸದೆ ಗಾಳಿಯಲ್ಲಿ ತೋರಿಸುತ್ತ ಹೋದಳು. ಆಗ ಗುಂಪು ಬಿಚ್ಚಿಕೊಂಡಿತು. ಅಲ್ಲಿ ಮುಕ್ಕಾಲು ಗಂಟೆ ಕಳೆದೆವು. ಬಸ್ಸಿನಲ್ಲಿ ಬಂದ ನಮ್ಮ ಹಡಗಿನ ಎರಡು ತಂಡಗಳು ಅಷ್ಟರಲ್ಲಿ ಬಂದು ಹೋದವು.

ಬಜಾರ್ ರಸ್ತೆಯಲ್ಲಿ ನಡೆದದ್ದು ಸ್ವಲ್ಪವೇ. ಚೇರ್ಲಾಯಿಯಲ್ಲಿ ಬೀಗಿತ್ತಿಯವರು ದೇವರ ದರ್ಶನ ಮುಗಿಸಿ, ಹೂವಿನ ಅಂಗಡಿಯ ಒಬ್ಬ ವೃದ್ಧೆಯ ಹತ್ತಿರ ಮಾತಿಗೆ ನಿಂತರು. ಆ ತಾಯಿಯ ಕೊಂಕಣಿಯಲ್ಲಿ ಮಲಯಾಳದ ಎಳೆತ, ಇವರದರಲ್ಲಿ ಕನ್ನಡದ್ದು. ಕೆಲವು ಶಬ್ದಗಳನ್ನು ಇಬ್ಬರೂ ಎರಡೆರಡು ಸಲ ಹೇಳಿಕೊಂಡರು, ಆದರೂ ಮಾತು ನಿಲ್ಲಲಿಲ್ಲ. ಗಡಿಯಾರ ನೋಡಿ ನಾನೇ ಎಬ್ಬಿಸಬೇಕಾಯಿತು. ಗುಜರಾತಿ ಊಟ ಚೆನ್ನಾಗಿತ್ತು.

ಚರ್ಚಿಗೆ ಬಂದಾಗ 1.15. ಮೊದಲು ಮರದಲ್ಲಿದ್ದು 1516ರ ಹೊತ್ತಿಗೆ ಕಲ್ಲಿನ ಕಟ್ಟಡವಾದ ಅದು, ನಾನು ಎಣಿಸಿದ್ದಕ್ಕಿಂತ ಸಾದಾ. ಬಲಗಡೆ ನೆಲದಲ್ಲಿ ಹಿತ್ತಾಳೆಯ ಸರಳುಗಳ ನಡುವೆ ವಾಸ್ಕೋ ಡ ಗಾಮನ ಸಮಾಧಿಯ ಕಲ್ಲು ಇದೆ. ಆತನ ಅವಶೇಷಗಳನ್ನು 1539ರ ಸುಮಾರಿಗೆ ಪೋರ್ಚುಗಲ್ಲಿಗೆ ಒಯ್ದರು, ಆದ್ದರಿಂದ ಕೆಳಗೆ ಈಗ ಯಾರೂ ಇಲ್ಲ. ಆದರೂ ನಿಂತೆ. ಉತ್ತರದ ಗೋಡೆಗೆ ಪೋರ್ಚುಗೀಸರ ಸಮಾಧಿ ಕಲ್ಲುಗಳು, ದಕ್ಷಿಣದ ಗೋಡೆಗೆ ಡಚ್ಚರವು. ಮೇಲೆ ಹೊರಗಿನಿಂದ ಹಗ್ಗ ಎಳೆದು ಬೀಸುವ ಬಟ್ಟೆಯ ದೊಡ್ಡ ಬೀಸಣಿಗೆಗಳು. ಪಾಠದಲ್ಲಿ ನಾನು 1498ಕ್ಕೆ ಕೊಟ್ಟಷ್ಟು ಹೊತ್ತನ್ನು 1663ಕ್ಕೆ ಕೊಡಲಿಲ್ಲ, ಡಚ್ಚರು ಕೊಚ್ಚಿ ಗೆದ್ದ ವರ್ಷ ಅದು. ಎದುರು ಬದುರು ಗೋಡೆಗಳ ನಡುವೆ ನಿಂತಾಗ ಅದು ದೊಡ್ಡ ಕೊರತೆಯೆಂದು ಅನ್ನಿಸಿತು. ಸಾಂತಾ ಕ್ರೂಜ್ ಬಾಸಿಲಿಕಾ ಎಂಬ ಇನ್ನೊಂದು ಚರ್ಚನ್ನು ನೋಡಲಿಲ್ಲ, ಡಚ್ ಸ್ಮಶಾನವನ್ನೂ ನೋಡಲಿಲ್ಲ.

ಬಲೆಗಳ ಹತ್ತಿರ ಅರ್ಧ ಗಂಟೆ ಕುಳಿತೆವು. ಉದ್ದನೆಯ ತೊಲೆಯ ಒಂದು ತುದಿಗೆ ಬಲೆ, ಇನ್ನೊಂದು ತುದಿಯಲ್ಲಿ ಹಗ್ಗಗಳಿಗೆ ಸಾಲಾಗಿ ಕಟ್ಟಿದ ಕಲ್ಲುಗುಂಡುಗಳು. ಒಬ್ಬ ಮನುಷ್ಯ ತೊಲೆಯ ಮೇಲೆ ನೀರಿನ ಕಡೆಗೆ ನಾಲ್ಕು ಹೆಜ್ಜೆ ನಡೆದರೆ ಇಡೀ ಚೌಕಟ್ಟು ಸದ್ದಿಲ್ಲದೆ ಬಾಗುತ್ತದೆ. ನನ್ನ ಅಜ್ಜನ ಹೊಲದ ಬಾವಿಯ ಏತದಲ್ಲಿ ಆಳು ಮರದ ಮೇಲೆ ಹಿಂದೆ ಮುಂದೆ ನಡೆದು ನೀರೆತ್ತುತ್ತಿದ್ದುದು ನೆನಪಾಯಿತು, ಲೆಕ್ಕ ಅದೇ. ಚೀನಾದವರೇ ತಂದರೋ, ಮಕಾವಿನಿಂದ ಪೋರ್ಚುಗೀಸರು ತಂದರೋ ಎಂಬುದರಲ್ಲಿ ವಿದ್ವಾಂಸರಿಗೆ ಎರಡು ಮತಗಳಿವೆ. ನಾನು ಹಗ್ಗಕ್ಕೆ ಕೈ ಹಾಕಿದೆ. ಐದು ಜನರ ನಡುವೆ ನನ್ನ ಎಳೆತ ಲೆಕ್ಕಕ್ಕೆ ಬರುವಂಥದ್ದಲ್ಲ, ಆದರೆ ಕಲ್ಲುಗಳು ಒಂದೊಂದಾಗಿ ನೆಲ ಮುಟ್ಟಿದಂತೆ ಹಗ್ಗ ಕೈಯಲ್ಲಿ ಹಗುರಾಗುತ್ತ ಬಂದದ್ದು ತಿಳಿಯಿತು. ಬಲೆಯಲ್ಲಿ ಬಂದದ್ದು ಒಂದು ಬೊಗಸೆ ಸಣ್ಣ ಮೀನು, ಎರಡು ಏಡಿ. ಬಲೆಗಾರರಿಗೆ ನೂರು ರೂಪಾಯಿ ಕೊಟ್ಟೆ.

3.05ಕ್ಕೆ ಆಟೋ ಹತ್ತಿ, 3.50ಕ್ಕೆ ಗೇಟು ತಲುಪಿದೆವು. ಸೇತುವೆಯ ಹತ್ತಿರ ಹದಿನೈದು ನಿಮಿಷ ನಿಂತದ್ದು ನಿಜ. ಹಡಗು ಬಿಟ್ಟದ್ದು 6.10ಕ್ಕೆ. ಹಾನಗಲ್ಲಿನವರು ಹೇಳಿದಂತೆ ಮೂವರೂ ಎಡಗಡೆಯ ಅಟ್ಟಣಿಗೆಯಲ್ಲಿ ನಿಂತೆವು. ದಂಡೆಯ ಬಲೆಗಳು ಒಂದೊಂದಾಗಿ ಎದುರಿಗೆ ಬಂದವು. ನಾನು ಹಗ್ಗ ಹಿಡಿದ ಬಲೆ ಯಾವುದೆಂದು ಹೆಂಡತಿ ಕೇಳಿದಳು, ನನಗೆ ಗುರುತು ಹತ್ತಲಿಲ್ಲ. ಆ ಹೊತ್ತಿಗೆ ಒಂದು ಬಲೆ ನೀರಿನಿಂದ ಮೇಲೆ ಏಳುತ್ತಿತ್ತು, ಅದರ ಅಂಚಿನಿಂದ ಸುರಿಯುತ್ತಿದ್ದ ನೀರಿನ ಮೇಲೆ ಇಳಿಬಿಸಿಲು ಬಿದ್ದಿತ್ತು. ಅದೇ ಇರಬೇಕೆಂದು ಬೀಗಿತ್ತಿಯವರು ಹೇಳಿದರು.